ಹಿಂದಕ್ಕೆ ಬರುವ ರೈಲು

"ಏಯ್ ಬೋಳಿಮಗನೇ, ಹಿಂದಕ್ಕೆ ತಗೊಳ್ಳೋ ಆ ರೈಲ್ನ!"

ನಿರ್ದೇಶಕ ಹ್ಯೊನ್ ಸಾಹೇಬರು ತಗಡಿನ ತುತ್ತೂರಿಯನ್ನು ಬಾಯಿಗೆ ಹಿಡಿದು ಕೂಗಿದರು. ಪ್ಲಾಟ್‌ಫಾರಂ ಬಿಟ್ಟು ಸ್ವಲ್ಪ ದೂರ ಹೋಗಿದ್ದ ಇಂಜಿನ್ನು ಒಮ್ಮೆ ಸೀನಿ, ಡಬ್ಬಿಗಳನ್ನು ಹಿಂದಕ್ಕೆ ತಳ್ಳಿಕೊಂಡು ಬಂದು ಮೊದಲಿದ್ದ ಜಾಗದಲ್ಲೇ ನಿಂತಿತು. ಕಿಟಕಿಯಲ್ಲಿ ಸೈನಿಕನ ವೇಷದ ನಟ ಟೋಪಿ ತೆಗೆದು ಬೆವರು ಒರೆಸಿಕೊಂಡ. ಬೆಳಗಿನಿಂದ ಯುದ್ಧಕ್ಕೆ ಹೋಗಿ ಹೋಗಿ ವಾಪಸು ಬಂದು ಅವನಿಗೂ ಸಾಕಾಗಿತ್ತು.

ಸಾಹೇಬರು ತುತ್ತೂರಿ ಇಳಿಸಿ ನನ್ನ ತಂಗಿ ಕೊಪ್ಪುನಿಯ ಕಡೆ ತಿರುಗಿದರು.

"ನಿಂಗೇನೇ ಬಂದಿರೋದು, ಕಟುಕರ ಪಿಂಡ? ಅಣ್ಣ ಯುದ್ಧಕ್ಕೆ ಹೋಗ್ತಿದಾನೆ, ಕಣ್ಣಲ್ಲಿ ಒಂದು ಹನಿ ನೀರು ಬರಲ್ವಾ? ದಿನಾ ದನದ ಕತ್ತು ಕುಯ್ಯೋದು ನೋಡಿ ನೋಡಿ ಕಣ್ಣಿಗೂ ತೊಗಲು ಬೆಳೆದಿದ್ಯಾ?"

ದೀಪ ಹಿಡಿದವರು ನಕ್ಕರು. ಕೊಪ್ಪುನಿ ಗೆರೆಯೊಳಗೆ ನಿಂತೇ ಉತ್ತರ ಕೊಟ್ಟಳು.

"ನೀರು ಬರ್ತಾ ಇತ್ತು ಸಾಹೇಬ್ರೇ. ಅಷ್ಟ್ರಲ್ಲಿ ಆ ಅಣ್ಣ ಕಿಟಕೀಲಿ ಆಕಳಿಸ್ಬುಟ್ರು."

ಈ ಸಲ ಇನ್ನೂ ಜೋರಾಗಿ ನಕ್ಕರು. ನಾನು ಮಂಡಿಯೂರಿ ಅವಳ ಪಾದಗಳ ಸುತ್ತ ಮಾಸಿದ್ದ ಸೀಮೆಸುಣ್ಣದ ಗೆರೆಯನ್ನು ತಿದ್ದಿದೆ. ಅಲ್ಲಿ ನನಗಿದ್ದ ಕೆಲಸ ಅದೊಂದೇ. ಗೆರೆ ದಾಟಿದರೆ ಕ್ಯಾಮೆರಾದಲ್ಲಿ ಮುಖ ಮಸುಕಾಗುತ್ತದೆ, ಮಸುಕಾದರೆ ಎಲ್ಲವನ್ನೂ ಮತ್ತೆ ತೆಗೆಯಬೇಕು. ನಾನು ಗೆರೆ ಎಳೆಯುತ್ತಿದ್ದೆ, ಅವಳು ಅದರೊಳಗೆ ನಿಲ್ಲುತ್ತಿದ್ದಳು. ಯಾರೂ ನನ್ನ ಹೆಸರು ಕೇಳಿರಲಿಲ್ಲ. ಬೊಬೆ ಎಂದು ಹೇಳುವ ಸಂದರ್ಭವೂ ಬಂದಿರಲಿಲ್ಲ.

ಕೊಪ್ಪುನಿಗೆ ಒಂಬತ್ತು ವರ್ಷ. ಅವಳ ಹೆಸರನ್ನೂ ಅಲ್ಲಿ ಯಾರೂ ಕರೆಯುತ್ತಿರಲಿಲ್ಲ. ಪೋಸ್ಟರಿನಲ್ಲಿ ಅವಳು ಸುಮಿರೆ, ಜಪಾನೀ ಹೆಸರಿನ, ಜಪಾನೀ ಮಾತಿನ ಹುಡುಗಿ. 'ಸಾಮ್ರಾಜ್ಯದ ಪುಟ್ಟ ತಂಗಿ' ಎಂದು ಅಡಿಯಲ್ಲಿ ಬರೆದಿರುತ್ತಿದ್ದರು. ಜಪಾನಿನವರು ಆಳುತ್ತಿದ್ದ ನಮ್ಮ ಸಿಯೋಲ್ ಊರಿನ ಟ್ರಾಮ್ ನಿಲ್ದಾಣ, ಸ್ನಾನದ ಮನೆ, ರೇಷನ್ ಅಂಗಡಿ, ಎಲ್ಲಿ ನೋಡಿದರೂ ಕೈಯಲ್ಲಿ ಬಾವುಟ ಹಿಡಿದ ಅವಳ ಮುಖ. ತಂದೆ ಮೇಷ್ಟರಾಗಿದ್ದವರು, ಈಗಿಲ್ಲ, ತಾಯಿ ತಂತಿವಾದ್ಯ ನುಡಿಸುತ್ತಾರೆ ಎಂದು ಪತ್ರಿಕೆಯವರು ಬರೆದಿದ್ದರು. ನಮ್ಮಪ್ಪನನ್ನು ಕಸಾಯಿಖಾನೆಯಲ್ಲಿ ಹೋರಿ ತಿವಿದು ಕೊಂದಿತ್ತು. ಅವ್ವ ಪೂರ್ವದ ಹೆಬ್ಬಾಗಿಲಿನ ಆಚೆ, ಕಟುಕರ ಕೇರಿಯಲ್ಲಿ ದನದ ಗೊರಸು ಬೇಯಿಸುತ್ತಾಳೆ. ಅವಳು ಸ್ಟುಡಿಯೋದ ಗೇಟು ದಾಟಬಾರದೆಂದು ಮೊದಲ ದಿನವೇ ಕರಾರಾಗಿತ್ತು. ಸಭೆ ಸಮಾರಂಭಗಳಲ್ಲಿ ತಂಗಿಯ ಪಕ್ಕ ರೇಷ್ಮೆ ಲಂಗ ತೊಟ್ಟ ಒಬ್ಬ ನಟಿ ತಾಯಿಯಾಗಿ ಕೂರುತ್ತಿದ್ದಳು.

ಸಾಹೇಬರು ಕೊಪ್ಪುನಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ದನಿ ಬೆಣ್ಣೆಯಂತಾಯಿತು.

"ಮಗೂ, ನಿಂಗೆ ಹೇಳಬಾರದು ಅಂತಿದ್ದೆ. ನಿಮ್ಮವ್ವ ಟ್ರಾಮ್‌ಗೆ ಸಿಕ್ಕಿಬಿಟ್ಲಂತೆ. ಈಗ ಸುದ್ದಿ ಬಂತು."

ಅವಳ ಮುಖ ಬಾಡಿತು. ತುಟಿ ನಡುಗಿತು. ಸಾಹೇಬರು ಹಿಂದಕ್ಕೆ ಹಾರಿ ಕೈ ಎತ್ತಿದರು, ಕ್ಯಾಮೆರಾ ಗರಗರ ಎಂದಿತು, ರೈಲು ಹೊರಟಿತು. ಯುದ್ಧದಲ್ಲಿ ಸತ್ತ ಸೈನಿಕ ದೇವರಾಗುತ್ತಾನೆ ಎನ್ನುವುದು ಜಪಾನಿನವರ ನಂಬಿಕೆ; ಕಲಿಸಿದ ಆ ಮಾತನ್ನು ಕೊಪ್ಪುನಿ ಅಳುತ್ತಲೇ ಜಪಾನಿಯಲ್ಲಿ ಹೇಳಿದಳು: "ಅಣ್ಣಾ, ನಮ್ಮನ್ನು ನೆನೆಯಬೇಡಿ. ದೇವರಾಗಿ ಬನ್ನಿ!"

"ಭೇಷ್! ಬಂತು!"

ಆಮೇಲೆ ಅವಳ ಕೈಗೆ ಕ್ಯಾರಮೆಲ್ ಮಿಠಾಯಿ. "ನಿಮ್ಮವ್ವಂಗೆ ಏನೂ ಆಗಿಲ್ಲ ಕಣೇ, ಹೋಗು."

ಹೋದ ಸಿನಿಮಾದಲ್ಲಿ ನಾಯಿಮರಿ ಸತ್ತಿತೆಂದು ಹೇಳಿದ್ದರು. ಸಂಜೆ ಮನೆಗೆ ಹೋದಾಗ ಅದು ಬಾಲ ಆಡಿಸಿತ್ತು. ಹೀಗಾಗಿ ಕೊಪ್ಪುನಿ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದಳು. ಟ್ರಾಮ್‌ನಲ್ಲಿ ಮಿಠಾಯಿ ಚೀಪುತ್ತಾ ನನಗೂ ಹೇಳಿದಳು: "ಸಿನಿಮಾದಾಗೆ ಹೋಗಿದ್ದೆಲ್ಲ ವಾಪಸ್ ಬತ್ತದೆ ಕಣಕ್ಕ."

*

ಇಸೊಗಾಯಿ ಬಂದದ್ದು ಮರುದಿನ. ಸರ್ಕಾರದ ಪ್ರಚಾರ ಕಚೇರಿಯ ಜಪಾನೀ ಅಧಿಕಾರಿ. ಖಾಕಿ ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿದ್ದ. ದನಿ ಎತ್ತಿದ್ದನ್ನು ನಾನು ಯಾವತ್ತೂ ಕೇಳಲಿಲ್ಲ.

"ಹ್ಯೊನ್ ಅವರೇ, ಈ ಮಗುವಿಗೆ ಸ್ವಂತ ಅಣ್ಣನೊಬ್ಬ ಇದ್ದಾನೆಂದು ಪತ್ರಿಕೆಗೆ ಯಾರೋ ಬರೆದಿದ್ದಾರೆ. ನಿಜವೇ?"

ಹ್ಯೊನ್ ಸಾಹೇಬರು ಊರಿನ ದೊಡ್ಡ ಮನೆತನದವರು, ಟೋಕಿಯೋದಲ್ಲಿ ಓದಿದವರು. ನಮ್ಮ ಕೇರಿಯವರು ಎದುರಿಗೆ ಬಂದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ ವಂಶ ಅವರದು. ಈಗ ಇವನ ಮುಂದೆ ಸೊಂಟ ಬಗ್ಗಿಸಿ ನಿಂತಿದ್ದರು.

"ಇದ್ದಾನೆ ಸ್ವಾಮಿ. ಅವನು ಅಂಥ... ಯೋಗ್ಯನಲ್ಲ. ತೊಗಲು ಹದ ಮಾಡುವವನು."

"ಪರದೆಯ ಮೇಲೆ ಅಣ್ಣ ಯುದ್ಧಕ್ಕೆ ಹೋಗುತ್ತಾನೆ. ಮನೆಯಲ್ಲಿ ಅಣ್ಣ ತೊಗಲು ಹದ ಮಾಡುತ್ತಾನೆ. ಜನ ಏನೆಂದುಕೊಳ್ಳಬೇಕು? ಪುಟ್ಟ ತಂಗಿ ತನ್ನ ಸ್ವಂತ ಅಣ್ಣನನ್ನೇ ಕಳಿಸಿಕೊಡಲಿ. ಸುದ್ದಿಚಿತ್ರ ಮಾಡೋಣ. ದೇಶದ ಎಲ್ಲ ತಂಗಿಯರೂ ನೋಡುತ್ತಾರೆ."

ನಾನು ಅಲ್ಲೇ ಸೀಮೆಸುಣ್ಣ ಹಿಡಿದು ಕೂತಿದ್ದೆ. ಅವರಿಬ್ಬರ ಕಣ್ಣಿಗೆ ನಾನು ಬೀಳಲಿಲ್ಲ.

ಎರಡು ದಿನ ಬಿಟ್ಟು ಅವರು ಕೇರಿಗೆ ಬಂದರು. ಇಸೊಗಾಯಿ ಮೂಗಿಗೆ ಕರವಸ್ತ್ರ ಹಿಡಿದಿದ್ದ. ಜೊತೆಗೆ ಒಬ್ಬ ಪೊಲೀಸಿನವನು, ಜಪಾನಿನವನಲ್ಲ, ನಮ್ಮ ದೇಶದವನೇ. ಅಣ್ಣ ದೊಲ್ಸೆ ಅಂಗಳದಲ್ಲಿ ಹಲಗೆಯ ಮೇಲೆ ಹಸಿ ತೊಗಲು ಹರವಿ ಕೊಬ್ಬು ಹೆರೆಯುತ್ತಿದ್ದ. ಮಾಂಸವೆಲ್ಲ ಸೈನ್ಯಕ್ಕೆ, ತೊಗಲೆಲ್ಲ ಸೈನ್ಯದ ಬೂಟಿಗೆ. ನಮಗೆ ಉಳಿಯುತ್ತಿದ್ದದ್ದು ರಕ್ತ ಮತ್ತು ಗೊರಸು. ಒಲೆಯ ಮೇಲೆ ಅವ್ವ ರಕ್ತದ ಸಾರು ಇಟ್ಟಿದ್ದಳು.

"ಎದ್ ನಿಂತ್ಕೊಳ್ಲಾ, ಬೇವಾರ್ಸಿ," ಎಂದ ಪೊಲೀಸಿನವನು. "ಸ್ವಾಮೇರು ಬಂದವ್ರೆ, ಕಾಣಾಕಿಲ್ವಾ?"

ದೊಲ್ಸೆ ಎದ್ದ. ಕೈಯಲ್ಲಿ ಕತ್ತಿ ಇತ್ತು. ಅದನ್ನು ನಿಧಾನವಾಗಿ ಹಲಗೆಯ ಮೇಲಿಟ್ಟ.

ಇಸೊಗಾಯಿ ಜಪಾನಿಯಲ್ಲಿ ಹೇಳಿದ, ಪೊಲೀಸಿನವನು ನಮ್ಮ ಮಾತಿಗೆ ತಿರುಗಿಸಿದ. ಸ್ವಯಂಸೇವಕ ಸೈನಿಕ. ದೊಡ್ಡ ಗೌರವ. ಕಟುಕ ಅನ್ನುವ ಕಳಂಕವೇ ತೊಳೆದುಹೋಗುತ್ತದೆ. ಚಕ್ರವರ್ತಿಯ ಕಣ್ಣಿನಲ್ಲಿ ಎಲ್ಲರೂ ಒಂದೇ.

"ಒಂದೇ ಅಂದ್ರೆ, ಅವ್ರು ಹಿಡ್ಕೊಂಡಿರೋ ಆ ಬಟ್ಟೇನ ಮೂಗಿಂದ ತೆಗ್ಯಕ್ಕೇಳಣ್ಣ," ಎಂದ ದೊಲ್ಸೆ.

ಪೊಲೀಸಿನವನು ಅದನ್ನು ತಿರುಗಿಸಲಿಲ್ಲ. ಕೆನ್ನೆಗೆ ಬಾರಿಸಿದ.

"ನಾವು ಯಾರನ್ನೂ ಬಲವಂತ ಮಾಡುವುದಿಲ್ಲ," ಎಂದ ಇಸೊಗಾಯಿ, ಮೆತ್ತಗೆ. "ಸ್ವಂತ ಇಷ್ಟದಿಂದ ಬರಬೇಕು."

ಅವ್ವ ಒಲೆ ಬಿಟ್ಟು ಬಂದು ನೆಲಕ್ಕೆ ಹಣೆ ಹಚ್ಚಿದಳು. "ನನ್ ಗಂಡನ್ನ ಹೋರಿ ತಿಂತು ಸ್ವಾಮಿ. ಮಗಳನ್ನ ಸಿನಿಮಾದೋರು ಇಸ್ಕೊಂಡ್ರು. ಇವ್ನೊಬ್ನ ಬುಟ್ಬುಡಿ. ತೊಗಲು ಎಷ್ಟ್ ಬೇಕೋ ಅಷ್ಟು ಕೊಡ್ತೀವಿ, ರಾತ್ರಿ ಹಗಲು ಹೆರೀತೀವಿ."

ಪೊಲೀಸಿನವನು ಒಲೆಯ ಹತ್ತಿರ ಹೋದ. ಮಡಕೆಯನ್ನು ಬೂಟಿನಿಂದ ಮೆಲ್ಲಗೆ ತಳ್ಳಿದ. ರಕ್ತದ ಸಾರು ಅಂಗಳದಲ್ಲಿ ಹರಿದು ತೊಗಲಿನ ಅಡಿಗೆ ಹೋಯಿತು. ನಾಯಿಮರಿ ಓಡಿಬಂತು.

ಅಣ್ಣನನ್ನು ಕರೆದುಕೊಂಡು ಹೋದರು. ತಿರುಗಿ ಬಂದಾಗ ಅವನ ಸ್ವಂತ ಇಷ್ಟ ಅವನ ಬೆರಳುಗಳ ಮೇಲೆಲ್ಲ ಕಾಣುತ್ತಿತ್ತು. ಹೆಬ್ಬೆಟ್ಟು ಕುಂಬಳಕಾಯಿಯಂತೆ ಊದಿತ್ತು, ಅದಕ್ಕೆ ಮೆತ್ತಿದ್ದ ಕೆಂಪು ಶಾಯಿ ಇನ್ನೂ ಆರಿರಲಿಲ್ಲ.

"ಒಪ್ಕೊಂಡೆ ಕಣವ್ವ," ಎಂದ. "ಕತ್ತಿ ಹಿಡ್ಯೋ ಕೈನೇ ಮುರಿದ್ಬುಟ್ಟು ಬಂದೂಕ ಹಿಡಿ ಅಂತವ್ರೆ, ದಡ್ ನನ್ಮಕ್ಳು."

*

ಅವ್ವ ಮೊದಲ ಸಲ ಸ್ಟುಡಿಯೋದ ಗೇಟಿನವರೆಗೆ ಬಂದಳು. ಮೈ ಉಜ್ಜಿ ಉಜ್ಜಿ ತೊಳೆದುಕೊಂಡು, ಒಗೆದ ಬಿಳಿ ಬಟ್ಟೆ ಉಟ್ಟಿದ್ದಳು. ಹ್ಯೊನ್ ಸಾಹೇಬರು ಕಾರಿನಿಂದ ಇಳಿಯಲಿಲ್ಲ, ಕಿಟಕಿ ಇಳಿಸಿದರು.

"ಒಂದೇ ಒಂದ್ ಮಾತು ಬುದ್ಧಿ. ರೈಲ್ ಹತ್ರ ನನ್ ಮಗನ್ ಪಕ್ಕ ನಾನೇ ನಿಂತ್ಕತೀನಿ. ಫೋಟೋದಾಗೆ ಬರಾಕಿಲ್ಲ. ತಲೆ ಬಗ್ಗಿಸ್ಕೊಂಡಿರ್ತೀನಿ."

"ಅಲ್ಲಿ ತಾಯಿ ಇದಾಳಲ್ಲಮ್ಮ."

"ಯಾವ್ ತಾಯಿ?"

"ಜನಕ್ಕೆ ಗೊತ್ತಿರೋ ತಾಯಿ. ಈಗ ಬದಲಾಯಿಸೋಕಾಗುತ್ತಾ? ನಿನ್ ಮುಖ ನೋಡು, ನಿನ್ ಕೈ ನೋಡು. ಜನ ಇರೋ ಕಡೆ ಹಗ್ಗದಾಚೆ ನಿಂತ್ಕೋ, ಯಾರು ಬೇಡ ಅಂತಾರೆ?" ಆಮೇಲೆ ನನ್ನ ಕಡೆ ನೋಡಿದರು. "ಏ ಹುಡುಗಿ, ಚಿಕ್ಕದಕ್ಕೆ ನಿಜ ಹೇಳ್ಬೇಡ. ಶೂಟಿಂಗ್ ಅಂತಲೇ ಇರಲಿ. ನಿಜವಾದ ಅಳು ಅಂದ್ರೆ ಮೂಗೆಲ್ಲ ಸುರಿದು ಮುಖ ಸೊಟ್ಟ ಆಗುತ್ತೆ, ಅವರಿಗೆ ಬೇಕಿರೋದು ಒಂದು ನಗು, ಒಂದು ಹನಿ. ನಾನೂ ನೌಕರಿ ಉಳಿಸ್ಕೋಬೇಕಲ್ಲಮ್ಮ."

ಕಿಟಕಿ ಏರಿತು.

ಹೊರಡುವ ಹಿಂದಿನ ಸಂಜೆ ಸೋಯಾ ಹಿಂಡಿಯ ಗಂಜಿ ಕುಡಿಯುವಾಗ ಅವ್ವ ಬಾಯಿ ತೆರೆದಳು. "ಕೊಪ್ಪುನೀ, ನಾಳೆ ನಿಮ್ಮಣ್ಣ..." ದೊಲ್ಸೆ ತಲೆ ಅಲ್ಲಾಡಿಸಿ ಬೇಡವೆಂದ. ಅವ್ವ ಬಟ್ಟಲಿನೊಳಕ್ಕೆ ಮುಖ ಹಾಕಿದಳು.

ಕೊಪ್ಪುನಿಗೆ ಸಂಭ್ರಮವೋ ಸಂಭ್ರಮ. ಅಣ್ಣ ಸಿನಿಮಾಕ್ಕೆ ಸೇರಿದ್ದಾನೆ! ಅವನ ಎದುರು ಕೂತು ಪಾಠ ಶುರು ಮಾಡಿದಳು.

"ಕಿಟಕಿಯಿಂದ ಕೈ ಮಾತ್ರ ಆಚೆ ಹಾಕು. ತಲೆ ಹಾಕ್ಬೇಡ, ನನ್ ಮ್ಯಾಲೆ ನೆರಳು ಬೀಳ್ತದೆ."

"ಆಯ್ತವ್ವ."

"ಕ್ಯಾಮೆರಾ ನೋಡ್ಬಾರ್ದು."

"ಮತ್ಯಾರ್ನ ನೋಡ್ಲಿ?"

"ನನ್ನ. ಆಮ್ಯಾಕೆ ರೈಲು ಹೊರಡ್ತದೆ, ಎದೆ ಧಸಕ್ ಅಂತದೆ. ಹೆದ್ರುಕೋಬ್ಯಾಡ. ಒಸಿ ದೂರ ಹೋಯ್ತದೆ ಅಷ್ಟೇಯ. ಸಾಹೇಬ್ರು ಒಂದ್ಸಲ ಬೈದ್ರೆ ಅದೇ ಹಿಂದಕ್ ಬತ್ತದೆ."

ದೊಲ್ಸೆ ಊದಿದ ಬೆರಳುಗಳಿಂದ ಅವಳ ಜುಟ್ಟು ಎಳೆದ. "ಹಂಗಾರೆ ಜೋರಾಗ್ ಬೈಯಕ್ಕೇಳು. ಅದು ಕಿವುಡು ರೈಲಂತೆ. ಅವ್ರು ಮರ್ತ್ರೆ ನೀನಾರ ಬೈಯಿ."

"ನಂಗೆ ಬಯ್ಗುಳ ಎಲ್ಲ ಬತ್ತದೆ," ಎಂದಳು, ಹೆಮ್ಮೆಯಿಂದ.

ಅವನು ನಕ್ಕ. ನಾನು ಎದ್ದು ಹೊರಗೆ ಹೋದೆ. ಹಲಗೆಯ ಮೇಲೆ ಅರ್ಧ ಹೆರೆದ ತೊಗಲು ಹಾಗೇ ಇತ್ತು. ಅದನ್ನು ಯಾರು ಮುಗಿಸುತ್ತಾರೆ ಎಂದು ಯೋಚಿಸಿದೆ. ಮತ್ತೆ ಒಳಗೆ ಬಂದೆ. ಮತ್ತೆ ಹೊರಗೆ ಹೋದೆ. ಕೂತಲ್ಲಿ ಕೂರಲಾಗಲಿಲ್ಲ.

*

ನಿಲ್ದಾಣದ ತುಂಬ ಬಾವುಟ. ಶಾಲೆಗಳಿಂದ ಮಕ್ಕಳನ್ನು ಸಾಲಾಗಿ ತಂದು ನಿಲ್ಲಿಸಿದ್ದರು. ಈ ಸಲದ ರೈಲು ಎರಡು ಡಬ್ಬಿಯದಲ್ಲ. ಬಾಲ ಎಲ್ಲಿದೆ ಎಂದು ಕಾಣದಷ್ಟು ಉದ್ದ, ಪ್ರತಿ ಕಿಟಕಿಯಲ್ಲೂ ಬೋಳು ತಲೆಗಳು. ಎಲ್ಲರೂ ನಮ್ಮ ಹುಡುಗರೇ. ಹಗ್ಗದಾಚೆ ಹಳ್ಳಿಗಳಿಂದ ಬಂದ ತಾಯಂದಿರು ನೂಕಾಡುತ್ತಿದ್ದರು. ಅವರ ನಡುವೆ ಅವ್ವ ಕಂಡಳು. ಕೈಯಲ್ಲಿ ಬೇಯಿಸಿದ ಗೊರಸಿನ ಪೊಟ್ಟಣ. ಕೊಡಲು ಬಿಟ್ಟಿರಲಿಲ್ಲ.

ನಾನು ಮಂಡಿಯೂರಿ ಗೆರೆ ಎಳೆದೆ. ಕೊಪ್ಪುನಿ ಹೊಸ ರಬ್ಬರ್ ಚಪ್ಪಲಿಯ ಕಾಲುಗಳನ್ನು ಜೋಡಿಸಿ ಅದರೊಳಗೆ ನಿಂತಳು. ಎದುರಿನ ಕಿಟಕಿಯಲ್ಲಿ ದೊಲ್ಸೆ. ರೇಷ್ಮೆ ಲಂಗದ ನಟಿ ಅವನ ಕೈ ಹಿಡಿದು ಕಣ್ಣೊರೆಸಿಕೊಂಡಳು. ಅವನು ಅವಳ ಹೆಗಲ ಮೇಲಿಂದ ಹಗ್ಗದ ಕಡೆಗೇ ನೋಡುತ್ತಿದ್ದ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ಮತ್ತೆ ಈ ಕೊನೆಗೆ.

"ಅಣ್ಣಾ, ನನ್ನ ನೋಡು," ಎಂದು ಕೊಪ್ಪುನಿ ಪಿಸುಗುಟ್ಟಿದಳು.

ಅವನು ನೋಡಿದ. ಹೇಳಿಕೊಟ್ಟಂತೆ ಕೈ ಮಾತ್ರ ಹೊರಗೆ ಹಾಕಿದ.

ರೈಲು ಸೀಟಿ ಊದಿತು. "ಅಣ್ಣಾ, ನಮ್ಮನ್ನು ನೆನೆಯಬೇಡಿ. ದೇವರಾಗಿ ಬನ್ನಿ!" ದನಿ ಗಂಟೆಯಂತಿತ್ತು. ತುಟಿಯಲ್ಲಿ ನಗು, ಕೆನ್ನೆಯ ಮೇಲೆ ಸರಿಯಾಗಿ ಒಂದೇ ಹನಿ. ಮಕ್ಕಳು ಬಾವುಟ ಬೀಸಿದರು. ಅಣ್ಣನ ಊದಿದ ಬೆರಳುಗಳು ಉಳಿದ ಕೈಗಳಲ್ಲಿ ಸೇರಿಹೋದವು.

"ಭೇಷ್!" ಹ್ಯೊನ್ ಸಾಹೇಬರ ಕಣ್ಣೇ ಒದ್ದೆಯಾಗಿತ್ತು. "ಒಂದೇ ಸಲಕ್ಕೆ!"

ರೈಲಿನ ಬಾಲ ಕೈಮರ ದಾಟಿತು. ತಿರುವಿನಲ್ಲಿ ಹೊಗೆ ಮಾತ್ರ ಉಳಿಯಿತು. ಆಮೇಲೆ ಅದೂ ಇಲ್ಲ.

"ತುಂಬಾ ಚೆನ್ನಾಗಿತ್ತು," ಎಂದ ಇಸೊಗಾಯಿ. "ಪುರಭವನದಲ್ಲಿ ಎಲ್ಲರೂ ಕಾಯುತ್ತಿದ್ದಾರೆ. ಮಗುವನ್ನು ಕಾರಿಗೆ ಹತ್ತಿಸಿ."

ಕೊಪ್ಪುನಿ ಗೆರೆ ಬಿಟ್ಟು ಕದಲಲಿಲ್ಲ. ಕತ್ತು ಉದ್ದ ಮಾಡಿ ತಿರುವನ್ನೇ ನೋಡುತ್ತಿದ್ದಳು.

"ರೈಲು?" ಎಂದಳು. ನಮ್ಮ ಮಾತಿನಲ್ಲಿ.

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಗರಗರ ಎನ್ನುತ್ತಿದ್ದ ಕ್ಯಾಮೆರಾದ ಮುಂದೆ ಸುಮಿರೆ ನಮ್ಮ ಮಾತು ಆಡಿದ್ದು ಅದೇ ಮೊದಲು.

"ರಾಷ್ಟ್ರಭಾಷೆಯಲ್ಲಿ ಮಾತಾಡು, ಸುಮಿರೆ," ಎಂದ ಇಸೊಗಾಯಿ.

"ಸಾಹೇಬ್ರೇ, ರೈಲ್ ಕರೀರಿ. ಸರಿಯಾಗ್ ಬರ್ಲಿಲ್ಲ."

"ಬಂತು ಮಗೂ. ಚಿನ್ನದಂಗೆ ಬಂತು. ಬಾ, ಮಿಠಾಯಿ..."

"ಇಲ್ಲ. ನಾನು ಗೆರೆ ದಾಟ್ದೆ."

"ಎಲ್ಲಿ ದಾಟ್ದೆ? ಒಳಗೇ ಇದೀಯಲ್ಲ."

ಕೊಪ್ಪುನಿ ಬಲಗಾಲನ್ನು ಎತ್ತಿದಳು. ಎಲ್ಲರೂ ನೋಡುತ್ತಿರುವಂತೆಯೇ ಗೆರೆಯಾಚೆ ಇಟ್ಟಳು. ಚಪ್ಪಲಿಯಿಂದ ಗೆರೆಯನ್ನು ಉಜ್ಜಿ ಅಳಿಸಿದಳು. "ದಾಟ್ದೆ. ನೋಡಿ. ಮಸುಕಾಯ್ತು. ಮತ್ತೆ ತಗೀಬೇಕು." ಅವಳು ಎರಡೂ ಕೈಗಳಿಂದ ಮುಖ ಉಜ್ಜಿಕೊಂಡಳು. ಬಣ್ಣ, ಹನಿ, ನಗು ಎಲ್ಲ ಕಲಸಿಹೋಯಿತು. ಮೂಗು ಸುರಿಯಿತು. ಸಾಹೇಬರು ಹೆದರಿದ್ದ ಮುಖವೇ ಅದು. ಅವಳಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ಈಗಲೂ ತಿಳಿಯದು.

ಸಾಹೇಬರ ಕೈಯಿಂದ ತುತ್ತೂರಿ ಕಿತ್ತುಕೊಂಡಳು. ಅದು ಅವಳ ಮುಖಕ್ಕಿಂತ ದೊಡ್ಡದು.

"ಏಯ್ ಬೋಳಿಮಗನೇ, ಹಿಂದಕ್ಕೆ ತಗೊಳ್ಳೋ ಆ ರೈಲ್ನ!"

ಸಾಲಿನಲ್ಲಿದ್ದ ಮಕ್ಕಳು ಕಿಸಕ್ಕೆಂದರು. ಹಗ್ಗದಾಚೆ ಯಾರೂ ನಗಲಿಲ್ಲ.

"ಹಿಂದಕ್ಕೆ ತಗೊಳ್ಳೋ! ನಮ್ಮಣ್ಣ ಅವ್ನೆ ಅದ್ರಾಗೆ! ಹಿಂದಕ್ಕೆ!"

"ತಗೊಳ್ರೋ ಹಿಂದಕ್ಕೆ!" ಹಗ್ಗದಾಚೆಯಿಂದ ಒಂದು ಒಡಕು ದನಿ. ಅವ್ವನದಲ್ಲ. ಯಾರೋ ಹಳ್ಳಿಯ ಮುದುಕಿಯದು. "ನನ್ ಮೊಮ್ಮಗನೂ ಅವ್ನೆ ಅದ್ರಾಗೆ! ತಗೊಳ್ರೋ!" ಆಮೇಲೆ ಇನ್ನೊಂದು ದನಿ, ಇನ್ನೊಂದು. ಹೆಸರುಗಳು. ಒಬ್ಬೊಬ್ಬರೂ ಒಂದೊಂದು ಹೆಸರು ಕೂಗುತ್ತಿದ್ದರು, ಸರ್ಕಾರ ಹಚ್ಚಿದ ಜಪಾನೀ ಹೆಸರಲ್ಲ, ಮನೆಯಲ್ಲಿ ಊಟಕ್ಕೆ ಕರೆಯುವ ಹೆಸರು. ಹಗ್ಗ ಒಂದು ಕಡೆ ಜಗ್ಗಿತು, ಗೂಟ ಕಿತ್ತುಬಂತು.

ಎಲ್ಲರಿಗಿಂತ ಮೊದಲು ಬಂದವಳು ಅವ್ವ. ಪೊಟ್ಟಣ ಎದೆಗೊತ್ತಿಕೊಂಡು ನೇರ ಕ್ಯಾಮೆರಾದ ಮುಂದೆ ಬಂದು ಕೊಪ್ಪುನಿಯ ಪಕ್ಕ ನಿಂತಳು. ನಟಿ ತನ್ನ ರೇಷ್ಮೆಯನ್ನು ಎತ್ತಿಕೊಂಡು ಹಿಂದೆ ಸರಿದಳು.

"ಯಾರಿವಳು?" ಎಂದ ಇಸೊಗಾಯಿ. ಕರವಸ್ತ್ರ ಹುಡುಕುತ್ತಿದ್ದ.

"ಇವ್ಳ ಅವ್ವ," ಎಂದಳು ಅವ್ವ. "ಅವ್ನ ಅವ್ವ. ಕಟುಕರೋಳು."

"ನಿಲ್ಲಿಸಿ! ಕ್ಯಾಮೆರಾ ನಿಲ್ಲಿಸಿ!" ಹ್ಯೊನ್ ಸಾಹೇಬರು ಕೂಗಿದರು. ಆದರೆ ತುತ್ತೂರಿ ಅವರ ಕೈಯಲ್ಲಿರಲಿಲ್ಲ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕ್ಯಾಮೆರಾ ಗರಗರ ಎನ್ನುತ್ತಲೇ ಇತ್ತು.

ನಮ್ಮ ಕೇರಿಗೆ ಬಂದಿದ್ದ ಅದೇ ಪೊಲೀಸಿನವನು ಓಡಿಬಂದ. ನನ್ನ ಭುಜ ಹಿಡಿದು ಅಲುಗಾಡಿಸಿದ. "ಏ ಮೂಗಿ! ಎತ್ಕೊಂಡ್ ಹೋಗೇ ನಿನ್ ತಂಗೀನ! ಇಲ್ಲಾಂದ್ರೆ ಮೂರೂ ಜನಾನ ಒದ್ದು ಒಳಗಾಕ್ತೀನಿ, ರಂಡೇರಾ!"

ನಾನು ಮಂಡಿಯೂರಿದೆ. ಅವಳನ್ನು ಎತ್ತಿಕೊಳ್ಳಲು ಬಗ್ಗಿದೆನೆಂದು ಅವನು ಕೈ ಬಿಟ್ಟ.

ಸೀಮೆಸುಣ್ಣ ತೆಗೆದು ಕೊಪ್ಪುನಿಯ ಪಾದಗಳ ಸುತ್ತ ಅಳಿಸಿದ್ದ ಗೆರೆಯನ್ನು ಮತ್ತೆ ಎಳೆದೆ. ಆಮೇಲೆ ಅವ್ವನ ಹುಲ್ಲಿನ ಚಪ್ಪಲಿಗಳ ಸುತ್ತ ಎಳೆದೆ. ಅವ್ವ ಕೆಳಗೆ ನೋಡಿ, ಕಾಲುಗಳನ್ನು ಇನ್ನಷ್ಟು ಊರಿ ನಿಂತಳು.

"ನಂಗೂ ಎಳಿ ಮಗಾ."

ಒಡಕು ದನಿಯ ಮುದುಕಿ. ಲಂಗದ ಅಂಚು ಎತ್ತಿ, ಬಿರುಕುಬಿಟ್ಟ ಪಾದಗಳನ್ನು ನನ್ನ ಮುಂದೆ ಜೋಡಿಸಿ ಇಟ್ಟಳು. ಅವಳ ಪಕ್ಕ ಇನ್ನೊಬ್ಬಳು. ಅವಳ ಪಕ್ಕ ಇನ್ನೊಬ್ಬಳು. ಎಲ್ಲರೂ ರೈಲು ಹೋದ ಕಡೆಗೆ ಮುಖ ಮಾಡಿದ್ದರು. ಪೊಲೀಸರ ಸೀಟಿಗಳು ಕೇಳಿಬರುತ್ತಿದ್ದವು. ಪ್ಲಾಟ್‌ಫಾರಮ್ಮಿನ ಆ ತುದಿಯಿಂದ ಬೂಟುಗಳು ಓಡಿಬರುವ ಸದ್ದು, ನಮ್ಮ ತೊಗಲಿನ ಬೂಟುಗಳು.

ಸೀಮೆಸುಣ್ಣ ಉಗುರಿನಷ್ಟಾಗಿತ್ತು. ನಾನು ಮಂಡಿಯ ಮೇಲೇ ಮುಂದಕ್ಕೆ ಸರಿದು, ಮುಂದಿನ ಪಾದಗಳ ಸುತ್ತ ಗೆರೆ ಎಳೆದೆ.